ಬೂದಿಯ ಡಬ್ಬಕ್ಕೂ ಕಾರಿಗೂ ನಡುವಿನ ಅಂತರ

ಚಾಂಗ್‌ಹುವಾ ಜಿಲ್ಲೆಯ ಗ್ಯಾರೇಜುಗಳವರು ವಿಮಾ ಪಾಲಿಸಿಯನ್ನು ಕ್ಯಾಲೆಂಡರಿನ ಹಾಗೆ ಗೋಡೆಗೆ ನೇತುಹಾಕಿ ಮರೆತುಬಿಡುತ್ತಿದ್ದ ಕಾಲವೊಂದಿತ್ತು. ಬೆಂಕಿಗೊಂದು, ಕೆಲಸಗಾರರ ಗಾಯಕ್ಕೊಂದು, ರಿಪೇರಿಗೆ ಬಿಟ್ಟ ಗಿರಾಕಿಗಳ ವಾಹನಗಳಿಗೊಂದು ಎಂದು ಮೂರು ಭಾಗಗಳಿರುವ ಆ ಕಾಗದವನ್ನು ಅವರು ಓದುವಂತೆ ಮಾಡಿದವರಲ್ಲಿ ಮೊದಲಿಗರು, ನಮ್ಮ ನಷ್ಟ ಪರಿಶೀಲನಾ ಕಚೇರಿಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಜಾನ್ ಬಿಶಿಯಾ ಅವರು. ‘ಮೊದಲಿಗರು’ ಎಂಬ ಮಾತಿಗೆ ಅವರು ಪುರಾವೆ ಕೇಳುತ್ತಾರೆಂಬುದು ಗೊತ್ತಿದ್ದೂ ಬರೆದಿದ್ದೇನೆ.

೧೯೮೫ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ಕಚೇರಿಗೆ ಸೇರಿದ್ದು ಬೆರಳಚ್ಚುಗಾರ್ತಿಯಾಗಿ. ಪರಿಶೀಲಕರು ಬರೆದುಕೊಟ್ಟ ವರದಿಗಳನ್ನು ಟೈಪ್ ಮಾಡುತ್ತ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಬರೆಯುತ್ತಿದ್ದರು. ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ? ನೆಲ ಒದ್ದೆಯಿತ್ತೋ? ಎರಡು ವರ್ಷ ಸಹಿಸಿದ ಹಿರಿಯ ಪರಿಶೀಲಕರೊಬ್ಬರು ಕೊನೆಗೆ, “ಅಷ್ಟೊಂದು ಅನುಮಾನ ಇದ್ರೆ ನೀನೇ ಹೋಗಿ ನೋಡ್ಕೊಂಡು ಬಾರಮ್ಮ, ನನ್ ಪ್ರಾಣ ತಿನ್ಬೇಡ” ಎಂದರಂತೆ. ಮರುದಿನವೇ ಅಳತೆ ಪಟ್ಟಿ, ಸೀಮೆಸುಣ್ಣ ಮತ್ತು ರಬ್ಬರ್ ಚಪ್ಪಲಿಯೊಂದಿಗೆ ಹೊರಟವರು ಮತ್ತೆ ಟೈಪ್‌ರೈಟರಿನ ಮುಂದೆ ಕೂರಲಿಲ್ಲ.

ಅವರ ಕೆಲಸದ ರೀತಿಯನ್ನು ಹೇಳಲು ಒಂದು ಪ್ರಕರಣ ಸಾಕು. ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಫುಶಿಂಗ್‌ನಲ್ಲಿ ನ್ಯೆನ್ ಚಿಂಗ್‌ಶುಯಿ ಎಂಬವರ ಗ್ಯಾರೇಜು. ಊರಿನ ಎಲ್ಲ ಅಂಗಡಿಕಾರರಂತೆ ಅವರೂ ಚಾಂದ್ರಮಾನ ತಿಂಗಳ ಎರಡನೆಯ ಮತ್ತು ಹದಿನಾರನೆಯ ದಿನ ಬಾಗಿಲಲ್ಲಿ ಮೇಜು ಹಾಕಿ, ನೈವೇದ್ಯ ಇಟ್ಟು, ದೇವರ ಪಾಲಿನ ಕಾಗದದ ಹಣವನ್ನು ತಗಡಿನ ಡಬ್ಬದಲ್ಲಿ ಸುಡುತ್ತಿದ್ದರು. ೧೯೯೭ರ ಡಿಸೆಂಬರ್ ಒಂದನೆಯ ತಾರೀಕು ಅಂಥದೊಂದು ದಿನ. ಮಧ್ಯಾಹ್ನ ಮೂರೂವರೆಗೆ ಕಾಗದ ಸುಟ್ಟರು. ಐದು ಗಂಟೆಗೆ ಗ್ಯಾರೇಜಿಗೆ ಬೆಂಕಿ ಹತ್ತಿತು. ಗಿರಾಕಿಗಳ ಮೂರು ಕಾರುಗಳು ಸುಟ್ಟುಹೋದವು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ.

ಆಗ ನಾನು ಸ್ಥಳೀಯ ಪತ್ರಿಕೆಯೊಂದರ ವರದಿಗಾರ. ಬೆಂಕಿ ಆರಿದ ಮೇಲೆ ಹೋಗಿ, ನಾಲ್ಕು ಜನರ ಮಾತು ಕೇಳಿ, ‘ಪೂಜೆಯ ಕಿಡಿಗೆ ಗ್ಯಾರೇಜು ಭಸ್ಮ’ ಎಂದು ಬರೆದೆ. ನ್ಯೆನ್ ಅವರೂ ಪರಿಹಾರದ ಅರ್ಜಿಯಲ್ಲಿ ತಮ್ಮ ಕೈಯಾರೆ ಅದನ್ನೇ ಬರೆದುಕೊಟ್ಟಿದ್ದರು. ಆ ದಿನ ಗಿರಾಕಿಯೊಬ್ಬರು ಬಂದರೆಂದು, ದೇವರು ಉಂಡಾಯಿತೇ ಎಂದು ಕೇಳದೆ, ಊದಿನಕಡ್ಡಿ ಅರ್ಧ ಉರಿಯುವ ಮೊದಲೇ ಅವರು ಕಾಗದ ಸುಟ್ಟುಬಿಟ್ಟಿದ್ದರು. ಅವಸರಕ್ಕೆ ಸಿಕ್ಕ ಶಿಕ್ಷೆಯನ್ನು ಅಲ್ಲಗಳೆದರೆ ಇನ್ನೊಂದು ತಪ್ಪಾದೀತೆಂದು ಅವರ ಭಯ. ಆದರೆ ವಾಹನಗಳಿಂದ ಐದು ಮೀಟರಿನೊಳಗೆ ಹಚ್ಚಿದ ಬೆಂಕಿಯಿಂದಾದ ನಷ್ಟಕ್ಕೆ ಪರಿಹಾರವಿಲ್ಲವೆಂದು ಪಾಲಿಸಿಯಲ್ಲಿತ್ತು. ಡಬ್ಬ ಇದ್ದದ್ದು ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ. ಅರ್ಜಿಯ ಆ ಒಂದು ವಾಕ್ಯ ನಿಂತರೆ ಮೂರು ಕಾರುಗಳನ್ನೂ ನ್ಯೆನ್ ಅವರೇ ತುಂಬಿಕೊಡಬೇಕು, ಅಂದರೆ ಗ್ಯಾರೇಜು ಮಾರಬೇಕು.

ಬಿಶಿಯಾ ಅವರು ಪತ್ರಿಕಾ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ನನ್ನದೇ ವರದಿ ಇಟ್ಟರು.

“ಕಿಡಿ ಹಾರಿದ್ದನ್ನ ನೀವು ನೋಡಿದ್ರಾ?”

“ಇಲ್ಲ ಮೇಡಂ. ಮಾಲೀಕರೇ ಹೇಳಿದ್ರು.”

“ಅವರು ನೋಡಿದ್ರಂತಾ?”

ನಾನು ಅದನ್ನು ಕೇಳಿರಲಿಲ್ಲ.

“ಹದಿನಾರನೇ ದಿನಕ್ಕೆ ಬನ್ನಿ ಹಾಗಾದ್ರೆ. ಇಬ್ರೂ ನೋಡೋಣ” ಎಂದರು.

ಡಿಸೆಂಬರ್ ಹದಿನೈದರಂದು, ಅಂದರೆ ಚಾಂದ್ರಮಾನದ ಹದಿನಾರನೆಯ, ಮುಂದಿನ ಪೂಜೆಯ ದಿನ, ಅದೇ ಹೊತ್ತಿಗೆ, ಅದೇ ಡಬ್ಬದಲ್ಲಿ, ಅಷ್ಟೇ ಕಾಗದ ಸುಡಿಸಿದರು. ಸುತ್ತಲೂ ಸೀಮೆಸುಣ್ಣದಿಂದ ಅರ್ಧ ಅರ್ಧ ಮೀಟರಿಗೆ ಗೆರೆ ಎಳೆದು, ಬೂದಿ ಬಿದ್ದಲ್ಲೆಲ್ಲ ಗುರುತು ಹಾಕಿದರು. ಚಳಿಗಾಲದ ಈಶಾನ್ಯ ಗಾಳಿ ಹಿಂದಿನ ಕಿಟಕಿಗಳಿಂದ ನುಗ್ಗಿ ಬೂದಿಯನ್ನೆಲ್ಲ ರಸ್ತೆಗೆ ತಳ್ಳಿತು. ಒಳಗೆ ಒಂದು ಚೂರೂ ಬೀಳಲಿಲ್ಲ. ಬೆಂಕಿ ಬಿದ್ದ ದಿನವೂ ಗಾಳಿ ಅದೇ ದಿಕ್ಕಿನದೆಂದು ಹವಾಮಾನ ಕೇಂದ್ರದ ದಾಖಲೆ ಅವರ ಚೀಲದಲ್ಲಿತ್ತು.

“ಬಚಾವಾದ್ರಿ!” ಎಂದೆ ನಾನು ನ್ಯೆನ್ ಅವರಿಗೆ.

“ಕಿಡಿ ಅಲ್ಲ ಅಂತ ಅರ್ಧ ಗೊತ್ತಾಯ್ತು, ಅಷ್ಟೇ. ಮತ್ತೇನು ಅಂತ ಗೊತ್ತಾಯ್ತಾ?” ಎಂದು ಅವರು ಒಳಗೆ ನಡೆದರು.

ಹಿಂದಿನ ಮೂಲೆಯಲ್ಲಿ, ಬಣ್ಣ ಹಚ್ಚುವ ಜಾಗದಲ್ಲಿ, ಕಸದ ಪೀಪಾಯಿಯ ತಳ ಸುಟ್ಟು ತೂತಾಗಿತ್ತು. ಅದರಡಿಯ ಸಿಮೆಂಟು ಚಕ್ಕೆ ಎದ್ದಿತ್ತು. ಬೇರೆಲ್ಲೂ ನೆಲ ಅಷ್ಟು ಬೆಂದಿರಲಿಲ್ಲ. ಕಾರಿನ ತಗ್ಗುಗಳಿಗೆ ಪುಟ್ಟಿ ಮೆತ್ತಿ ಬಣ್ಣ ಹಚ್ಚುವ ಕೆಲಸ ನ್ಯೆನ್ ಅವರ ಹೆಂಡತಿಯ ತಮ್ಮ, ಐವತ್ತು ದಾಟಿದ ಶು ಯುಂಗ್‌ಕುನ್ ಅವರದು.

“ಆ ದಿನ ಚಳಿ ಜಾಸ್ತಿ ಇತ್ತಲ್ಲ ಯುಂಗ್‌ಕುನ್, ಪುಟ್ಟಿ ಬೇಗ ಗಟ್ಟಿಯಾಯ್ತಾ?” ಎಂದು ಬಿಶಿಯಾ ಅವರು ಅಡುಗೆಯ ಗುಟ್ಟು ಕೇಳುವವರಂತೆ ಕೇಳಿದರು.

“ಎಲ್ಲಾಗತ್ತೆ ಮೇಡಂ? ಚಳಿಗೆ ಗಟ್ಟಿ ಮಾಡೋ ಮದ್ದು ಎರಡು ಪಾಲು ಹಾಕಿದ್ದೆ. ಮಿಕ್ಕಿದ್ದನ್ನ ಪೀಪಾಯಿಗೆ...” ಎಂದವರು ತೂತಾದ ಪೀಪಾಯಿಯ ಕಡೆ ತಿರುಗಿದರು.

ಬಿಶಿಯಾ ಅವರು ಅಂಗಳದಲ್ಲಿ ಅದನ್ನೇ ಮಾಡಿಸಿದರು: ಎರಡು ಪಾಲು ಮದ್ದಿನ ಪುಟ್ಟಿಯ ಮುದ್ದೆ, ಅದರ ಮೇಲೆ ಥಿನ್ನರ್ ಒರೆಸಿದ ಚಿಂದಿ, ತಗಡಿನ ಡಬ್ಬದೊಳಗೆ. ಯಾರೂ ಕಡ್ಡಿ ಗೀರಲಿಲ್ಲ. ಮುದ್ದೆ ತಾನಾಗಿಯೇ ಕಾದು, ಮೂವತ್ತೆಂಟನೆಯ ನಿಮಿಷಕ್ಕೆ ಹೊಗೆ ಎದ್ದಿತು.

ಯುಂಗ್‌ಕುನ್ ತಲೆ ಎತ್ತಲಿಲ್ಲ. “ಭಾವ, ನಂದೇ ತಪ್ಪು.”

“ಎರಡು ವಾರದಿಂದ ದೇವರಿಗೆ ಮುಖ ತೋರ್ಸೋಕೆ ಆಗ್ತಿರ್ಲಿಲ್ಲ ಕಣೋ ನಂಗೆ” ಎಂದು ನ್ಯೆನ್ ಅವರು ಕುಸಿದು ಕುಳಿತು ನಕ್ಕರು. “ನಿನ್ ಅಕ್ಕನಿಗೆ ನೀನೇ ಹೇಳ್ಕೋ. ಅದಕ್ಕೆ ಯಾವ ವಿಮೇನೂ ಇಲ್ಲ.”

ತಿಳಿಯದೆ ಆಗುವ ತಪ್ಪಿಗೇ ವಿಮೆ ಇರುವುದೆಂದು ಬಿಶಿಯಾ ಅವರು ಯುಂಗ್‌ಕುನ್‌ಗೆ ಸಮಾಧಾನ ಹೇಳಿ, ನೈವೇದ್ಯದ ಕಿತ್ತಳೆಯೊಂದನ್ನು ಅವರ ಕೈಗಿಟ್ಟರು. ಕಂಪನಿ ಪರಿಹಾರ ಕೊಟ್ಟಿತು. ನಮ್ಮ ಪತ್ರಿಕೆ ನಾಲ್ಕು ಸಾಲಿನ ತಿದ್ದುಪಡಿ ಹಾಕಿತು; ಅದನ್ನು ಬಿಶಿಯಾ ಅವರು ಕೇಳಿರಲಿಲ್ಲ. ಮೂರು ವರ್ಷಗಳ ನಂತರ ನಾನು ಪತ್ರಿಕೆ ಬಿಟ್ಟು ಅವರ ಕಚೇರಿಗೇ ಕೆಲಸಕ್ಕೆ ಸೇರಿದೆ.

ಮುಂದಿನ ವರ್ಷಗಳಲ್ಲಿ ಅವರು ರಜೆಯ ದಿನಗಳಂದು ಗ್ಯಾರೇಜುಗಳಿಗೆ ಹೋಗಿ, ಪಾಲಿಸಿಯನ್ನು ಊರ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಯಾರಿಗೂ ಪೂಜೆ ನಿಲ್ಲಿಸಿರೆಂದು ಹೇಳಲಿಲ್ಲ. ಡಬ್ಬವನ್ನು ದೂರಕ್ಕೆ ಸರಿಸಿದರು. ಮಿಕ್ಕ ಪುಟ್ಟಿಯನ್ನು ನೀರಿರುವ ಡಬ್ಬಕ್ಕೆ ಹಾಕುವ ಪದ್ಧತಿ ಇಂದು ಈ ಭಾಗದ ಬಹಳಷ್ಟು ಕಡೆ ಇದೆ. ಎಷ್ಟು ಕಡೆ ಎಂದು ನಾನು ಎಣಿಸಿಲ್ಲ.

ಈ ಲೇಖನಕ್ಕಾಗಿ ಫುಶಿಂಗ್‌ನ ಬೆಂಕಿಯ ಬಗ್ಗೆ ಬರೆಯುತ್ತೇನೆಂದಾಗ ಬಿಶಿಯಾ ಅವರು ಕನ್ನಡಕದ ಮೇಲಿನಿಂದ ನೋಡಿದರು. “ಬೆಂಕಿ ಬಿದ್ದಾಗ ನೀನು ಅಲ್ಲಿದ್ಯೇನಪ್ಪಾ?”

ಇರಲಿಲ್ಲ. ಹಾಗಾಗಿ ಕಳೆದ ವಾರ ಫುಶಿಂಗ್‌ಗೆ ಹೋಗಿ ಬಂದೆ. ನ್ಯೆನ್ ಮತ್ತು ಯುಂಗ್‌ಕುನ್ ಇಬ್ಬರಿಗೂ ಇದನ್ನು ಓದಿ ಹೇಳಿ, ಎರಡು ಕಡೆ ತಿದ್ದಿಸಿಕೊಂಡೆ. ಅಂದು ಡಬ್ಬವಿದ್ದ ಜಾಗಕ್ಕೆ ನ್ಯೆನ್ ಅವರು ಪ್ರತಿ ಹೊಸ ವರ್ಷಕ್ಕೂ ಬಿಳಿ ಬಣ್ಣದ ಗುರುತು ಬಳಿಯುತ್ತಾರೆ. ಅಲ್ಲಿಂದ, ಅಂದು ಹತ್ತಿರದ ಕಾರು ನಿಂತಿದ್ದೆಡೆಗೆ ಪಟ್ಟಿ ಹಿಡಿದು ಅಳೆದೆ. ಮೂರು ಮೀಟರ್ ಇಪ್ಪತ್ತು, ಸರಿಯಾಗಿದೆ. ಇಷ್ಟಾದರೂ ಇದರಲ್ಲಿ ಎಲ್ಲೋ ಒಂದು ತಪ್ಪು ಉಳಿದಿರಬಹುದು. ಅದನ್ನು ಹುಡುಕಿ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಲು ಬಿಶಿಯಾ ಅವರಿಗೆ ದೀರ್ಘ ಆಯಸ್ಸೂ ಒಳ್ಳೆಯ ಕಣ್ಣುಗಳೂ ಇರಲಿ.