ಖಾರ ತಿಂದರೂ ಕರಗದ ಖಾರದಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲಿ ಮೆಣಸಿನಪುಡಿಯ ಯಂತ್ರ ಆಗಲೇ ಗುಡುಗುತ್ತಿದೆ. ಮೂಗು ಬಾಯಿಗೆ ಹಳೆ ಬಟ್ಟೆ ಬಿಗಿದುಕೊಂಡ ದಪ್ಪನೆಯ ಹೆಂಗಸೊಬ್ಬರು ಒಣಮೆಣಸಿನಕಾಯಿಯನ್ನು ಬೊಗಸೆ ತುಂಬ ಎತ್ತಿ ಸುರಿಯುತ್ತಾರೆ, ಕೆಮ್ಮುತ್ತಾರೆ, ಮತ್ತೆ ಸುರಿಯುತ್ತಾರೆ. ಬಾಗಿಲಲ್ಲಿ ನಿಂತ ನಾನು ಸೀನಿ ಸೀನಿ ಸುಸ್ತಾಗಿದ್ದೇನೆ.

"ಅಲ್ಲೇ ನಿಂತ್ಕೊಳ್ಳಿ. ಒಳಗೆ ಬಂದ್ರೆ ನಿಮ್ಮ ಪೆನ್ನಿಗೂ ನೆಗಡಿ ಆಗುತ್ತೆ" ಎನ್ನುತ್ತಾರೆ.

ಬೀದಿಗೆಲ್ಲ ಇವರು ಖಾರದಕ್ಕ. ಮಗ ಹೊಟ್ಟೆಯಲ್ಲಿದ್ದಾಗ ಈ ಕೆಲಸಕ್ಕೆ ಸೇರಿದವರು. ಈಗ ಆ ಮಗನಿಗೇ ಮಗಳಿದ್ದಾಳೆ. ದಿನಕ್ಕೆ ಮೂರು ನಾಲ್ಕು ಚೀಲ ಪುಡಿಯಾಗುತ್ತದೆ. ಮನೆಗೆ ಹೋದವರು ಕೈಗೆ ಎಣ್ಣೆ ಸವರಿ, ಸೋಪು ಹಾಕಿ ಉಜ್ಜಿಕೊಳ್ಳುವ ತನಕ ಸೊಸೆ ಮಗುವನ್ನು ಕೊಡುವುದಿಲ್ಲ. ಹೋದ ವರ್ಷ ಕೆಮ್ಮು ಎದೆಗೇ ಇಳಿದಾಗ ಡಾಕ್ಟರು ಗದರಿಸಿದರು: ಇನ್ನು ಆ ಧೂಳಿನ ಹತ್ತಿರ ಸುಳಿಯಬೇಡಿ. ಗಿರಣಿಯ ಯಜಮಾನರು ಆಗ ಮನಸ್ಸು ಮಾಡಿ ಇವರನ್ನು ಮುಂಭಾಗದಲ್ಲಿ ಪುಡಿ ಮಾರುವ ತಕ್ಕಡಿಯ ಹತ್ತಿರ ಕೂರಿಸಿದರು. ಕೆಮ್ಮು ಇಳಿಯಿತು.

ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಮೊಬೈಲಿನ ವಿಡಿಯೋದಲ್ಲಿ ಬಂದು, ಮೆಣಸಿನಕಾಯಿ ತಿಂದರೆ ಬೊಜ್ಜು ಕರಗುತ್ತದೆ ಎಂದುಬಿಟ್ಟ. ಜನಕ್ಕೆ ಅಷ್ಟೇ ಸಾಕು. ಪಕ್ಕದ ಬೀದಿಗೂ ಸ್ಕೂಟರಿನಲ್ಲಿ ಹೋಗುವವರು ಬೆಳ್ಳಂಬೆಳಿಗ್ಗೆ ಖಾಲಿ ಹೊಟ್ಟೆಗೆ ಖಾರದ ನೀರು ಕುಡಿಯತೊಡಗಿದರು. ಯಜಮಾನರು ಹಳೆಯ ಪುಡಿಯನ್ನೇ ಸಣ್ಣ ಪೊಟ್ಟಣಕ್ಕೆ ತುಂಬಿ, ಮೇಲೊಂದು ತೆಳ್ಳನೆಯ ಸೊಂಟದ ಚಿತ್ರ ಅಂಟಿಸಿದರು. ದರ ದುಪ್ಪಟ್ಟು. ನನಗಂತೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

"ಉರಿ ತಡೀಲಾರದೆ ಮೇಲೆ ಎರಡು ಬನ್ನು ತಿಂತಾರೆ. ಆಮೇಲೆ ನನ್ನ ಹತ್ರ ಬಂದು, ಅಕ್ಕಾ, ಯಾಕೋ ಇಳೀತಾನೇ ಇಲ್ಲ ಅಂತಾರೆ. ನಾನೇನು ಹೇಳ್ಲಿ? ಮೆಣಸಿನಕಾಯಿ ಒಳ್ಳೇದೇ ಕಣ್ರೀ. ಅಡುಗೆಗೆ ಹಾಕಿ. ದಪ್ಪ ಮೆಣಸಿನಕಾಯಿ ತಂದು ತರಕಾರಿ ಹಂಗೆ ತಿನ್ನಿ. ಯಾರು ಬೇಡ ಅಂದ್ರು? ಔಷಧಿ ಹಂಗೆ ಕುಡೀಬೇಡಿ ಅಷ್ಟೇ."

ತೊಂದರೆ ಶುರುವಾದದ್ದು ಗಿರಾಕಿಗಳ ಕಣ್ಣಿನಿಂದ. ಅವರು ಪೊಟ್ಟಣದ ಸೊಂಟ ನೋಡುತ್ತಾರೆ, ತಕ್ಕಡಿ ಹಿಂದಿನ ಖಾರದಕ್ಕನನ್ನು ನೋಡುತ್ತಾರೆ, ಪೊಟ್ಟಣ ಕೆಳಗಿಡುತ್ತಾರೆ. ಯಜಮಾನರು ಇವರಿಗೊಂದು ಮಾತು ಕಲಿಸಿದರು: ಮೊದಲು ಇನ್ನೂ ದಪ್ಪಗಿದ್ದೆ, ಈ ಪುಡಿಯಿಂದಲೇ ಇಷ್ಟು ಇಳಿದೆ ಅನ್ನಬೇಕು. ಅನ್ನದಿದ್ದರೆ ಹಿಂದಿನ ಕೋಣೆ.

ಮಾರನೆಯ ದಿನ ಬಾಣಂತನ ಮುಗಿಸಿದ ಹುಡುಗಿಯೊಬ್ಬಳು ಕಂಕುಳಲ್ಲಿ ಕೂಸಿನೊಂದಿಗೆ ಬಂದಳು. ಮೈ ಇಳಿಸಿಕೋ ಎಂದು ಗಂಡ ದಿನಾ ಹಂಗಿಸುತ್ತಾನಂತೆ. ಎಷ್ಟು ದಿನದಲ್ಲಿ ಕರಗುತ್ತೆ ಅಕ್ಕಾ ಎಂದು ಕೇಳಿದಳು. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಖಾರದಕ್ಕ ಎದ್ದು ತಕ್ಕಡಿಯ ಈಚೆ ಬಂದರು.

"ನೋಡಮ್ಮ, ಹುಟ್ಟಿದಾಗಿಂದ ಖಾರ ತಿಂದಿದ್ದೀನಿ, ಕುಡಿದಿದ್ದೀನಿ, ಉಸಿರಲ್ಲೂ ಎಳ್ಕೊಂಡಿದ್ದೀನಿ. ಎಲ್ಲಿ ಕರಗಿದೀನಿ ತೋರ್ಸು. ಮಗೂಗೆ ಹಾಲು ಕುಡಿಸೋಳು ನೀನು, ಹೊಟ್ಟೆತುಂಬ ಉಣ್ಣು."

ಹುಡುಗಿ ಪೊಟ್ಟಣ ಬಿಟ್ಟು ಹೋದಳು. ಆವತ್ತು ಸಂಜೆಯೇ ಖಾರದಕ್ಕನನ್ನು ಯಂತ್ರದ ಮುಂದೆ ನಿಲ್ಲಿಸಲಾಯಿತು. ವಾರದೊಳಗೆ ಕೆಮ್ಮು ಮರಳಿದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ಒಂದು ಸುಳ್ಳು ಹೇಳಿದ್ದರೆ ಇವರ ಎದೆ ಉಳಿಯುತ್ತಿತ್ತು. ಹೇಳಬೇಕಿತ್ತು ಎನ್ನಲು ನನಗೂ ಬಾಯಿ ಬರುವುದಿಲ್ಲ.

ಯಜಮಾನರಿಗೆ ಏನಾದರೂ ಹೇಳಬೇಕೇ ಎಂದು ಕೇಳುತ್ತೇನೆ. ಖಾರದಕ್ಕ ಮುಖದ ಬಟ್ಟೆ ಸರಿಸಿ, ಕೆಮ್ಮು ನಿಲ್ಲುವವರೆಗೆ ಗೋಡೆ ಹಿಡಿದು ನಿಲ್ಲುತ್ತಾರೆ.

"ಆ ಜಾಗ ವಾಪಸ್ ಬೇಡ. ಈ ಗೋಡೆಗೊಂದು ಕಿಟಕಿ ಇಡಿಸ್ಲಿ, ಬೀದಿ ಕಡೆಗೆ. ನಂಗೆ ಗಾಳಿ ಬರುತ್ತೆ. ಕೇಳ್ಕೊಂಡು ಬಂದೋರಿಗೆ ಇಲ್ಲಿಂದ್ಲೇ ಹೇಳ್ತೀನಿ, ಕರಗಲ್ಲ ಅಂತ."