ಫಾಯಿಝಾ ತೋರಿಸಿದ ಕಾಗದ

ಬಂಟ್ವಾಳ ಪೇಟೆಯ ನನ್ನ ಟೈಲರ್ ಅಂಗಡಿಗೆ ಬರುವ ಮದುಮಗಳ ರವಿಕೆಗಳಿಗೆ ಹದಿನೆಂಟು ವರ್ಷಗಳಿಂದ ಎಂಬ್ರಾಯ್ಡರಿ ಹಾಕಿಕೊಡುವವಳು ಪಾಣೆಮಂಗಳೂರಿನ ಫಾಯಿಝಾ. ಅವಳ ಸೂಜಿಯ ಬಳ್ಳಿ ಹತ್ತದ ಮದುವೆ ಮಂಟಪ ಈ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಆದರೆ ರವಿಕೆಯ ಮೇಲೆ ಯಾರಾದರೂ ಕೆಲಸದವಳ ಹೆಸರು ಬರೆಯುತ್ತಾರೆಯೇ?

ಎರಡು ವರ್ಷದ ಹಿಂದೆ ಅವಳು ಬಿಳಿ ಬಟ್ಟೆಯ ಮೇಲೆ ಬಣ್ಣದ ಚಿತ್ರ ಮಾಡತೊಡಗಿದಳು. ನಮ್ಮ ಕಡೆಯ ಚಿತ್ರಗಾರರದ್ದೊಂದು ಗುಂಪು ಮೊಬೈಲಿನಲ್ಲಿದೆ. ನಡೆಸುವವರು ಬೆಳ್ತಂಗಡಿಯ ನಿವೃತ್ತ ಡ್ರಾಯಿಂಗ್ ಟೀಚರ್ ಶಶಿಪ್ರಭಾ. ಚಿತ್ರ ಹಾಕಿದವರು ಅದನ್ನು ಹೇಗೆ ಮಾಡಿದ್ದೆಂದು ಕೆಳಗೆ ಬರೆಯಬೇಕು. ಎಲ್ಲರೂ ‘ಬರಿಗೈಯಲ್ಲಿ ಬಿಡಿಸಿದ್ದು’ ಎಂದು ಬರೆಯುವುದನ್ನು ಕಂಡು ಇವಳೂ ಹಾಗೆಯೇ ಬರೆದಳು. ಬಳ್ಳಿಯ ಆಚೆಗೊಂದು ಈಚೆಗೊಂದು ನವಿಲಿರುವ ಅವಳ ಚಿತ್ರ ಗುಂಪಿನವರು ಮೂಡುಬಿದಿರೆಯಲ್ಲಿ ನಡೆಸುವ ಪ್ರದರ್ಶನಕ್ಕೆ ಆಯ್ಕೆಯಾಯಿತು. ಮೊದಲ ಸಲ ಅವಳ ಹೆಸರು ಗೋಡೆ ಹತ್ತುವುದಿತ್ತು.

ಅಷ್ಟರಲ್ಲಿ ಮೂಡುಬಿದಿರೆಯ ಭವಿತ್ ಎಂಬ ಯುವ ಚಿತ್ರಗಾರ ಗುಂಪಿನಲ್ಲಿ ಬರೆದ: “ಎರಡು ನವಿಲಿಗೂ ಒಂದು ಗರಿಯ ವ್ಯತ್ಯಾಸ ಇಲ್ಲ. ಇದು ಕಂಪ್ಯೂಟರ್ ಮಾಡಿದ್ದು. ಅಲ್ಲವಾದರೆ ವೀಡಿಯೊ ಹಾಕಿ.”

ಭಾನುವಾರದೊಳಗೆ ಉತ್ತರ ಬೇಕು, ಇಲ್ಲವಾದರೆ ಚಿತ್ರ ತೂಗುಹಾಕುವುದಿಲ್ಲ ಎಂದರು ಟೀಚರ್.

ಫಾಯಿಝಾ ಅಂಗಡಿಗೆ ಬಂದು ಕುಳಿತಳು. ಎಂಬ್ರಾಯ್ಡರಿಯವರ ಕ್ರಮವೇ ಬೇರೆ. ತೆಳ್ಳಗಿನ ಬಟರ್ ಪೇಪರಿನಲ್ಲಿ ಚಿತ್ರ ಬಿಡಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಬಟ್ಟೆಯ ಮೇಲಿಟ್ಟು ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿ ಉಜ್ಜುತ್ತಾರೆ. ಕೆಳಗೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡುತ್ತದೆ. ಕಾಗದ ಮಡಚಿ ಚುಚ್ಚಿದರೆ ಒಂದು ನವಿಲು ಎರಡಾಗುತ್ತದೆ. ಅವಳ ಚಿತ್ರವೂ ಹಾಗೆಯೇ ಆದದ್ದು.

“ವೀಡಿಯೊ ಮಾಡಿದ್ರೆ ಪೇಪರ್ ಕಾಣ್ತದೆ ಸಂಕಪ್ಪಣ್ಣ” ಎಂದಳು.

“ಅದಕ್ಕೇನು ಮಾರಾಯ್ತಿ? ಬಣ್ಣ ತುಂಬುವುದನ್ನು ಮಾತ್ರ ತೋರಿಸು. ಕಂಪ್ಯೂಟರ್ ಅಲ್ಲ ಅಂತ ಗೊತ್ತಾದ್ರೆ ಸಾಕಲ್ವಾ?”

“ಕಂಪ್ಯೂಟರ್ ಅಲ್ಲ, ಸರಿ. ಬರಿಗೈಯೂ ಅಲ್ಲವಲ್ಲ? ಅವನು ಹೇಳಿದ್ದೂ ಸುಳ್ಳು, ನಾನು ಬರೆದದ್ದೂ ಸುಳ್ಳು. ಅವನದ್ದು ಮಾತ್ರ ಒರಸುವುದಾ?”

“ಪ್ರದರ್ಶನದಿಂದ ತೆಗೆದ್ರೆ?”

“ತೆಗೀಲಿ. ಸುಳ್ಳಿನ ಕೆಳಗೆ ಹೆಸರು ಇಟ್ಟು ನನಗೇನಾಗ್ಲಿಕ್ಕೆ ಉಂಟು?”

ಯಾರ ಬಳಿಯೂ ಕಲಿಯದೆ ಕತ್ತರಿ ಹಿಡಿದವನೆಂಬ ಜಂಬ ನನ್ನದು. ಅಂದು ಮಾತ್ರ ಅವಳಿಂದ ಕಲಿಯುವವನಂತೆ ಅವಳ ಮೊಬೈಲ್ ಹಿಡಿದೆ. ಕಾಗದ ಮಡಚಿದ್ದು, ಚುಚ್ಚಿದ್ದು, ಉಜ್ಜಿದ್ದು, ಆಮೇಲೆ ಕುಂಚದಿಂದ ಗರಿಗರಿಗೂ ಬಣ್ಣ ತುಂಬಿದ್ದು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ತೋರಿಸಿದಳು. ಗುಂಪಿಗೆ ಹಾಕಿ ಕೆಳಗೆ ಬರೆದಳು: “ಕಂಪ್ಯೂಟರ್ ಇಲ್ಲ. ಆದರೆ ಬರಿಗೈ ಎಂದು ಬರೆದದ್ದು ನನ್ನ ತಪ್ಪು.”

ಒಂದು ಗಂಟೆ ಕಳೆದು ಭವಿತ್ ಕೇಳಿದ: “ಫಾಯಿಝಕ್ಕ, ಒಂದು ನವಿಲು ಚುಚ್ಚಲಿಕ್ಕೆ ಎಷ್ಟು ಹೊತ್ತು?”

“ಇಳಿಹೊತ್ತಿನ ಅಸರ್ ನಮಾಜ್ ಮುಗಿಸಿ ಕೂತರೆ ಸೂರ್ಯ ಮುಳುಗುವ ಮಗ್ರಿಬ್‌ವರೆಗೆ. ಹಾಗೆ ಐದು ದಿನ.”

“ನಾನು ದುಡುಕಿದೆ. ನಾನು ಮುಖ ಬಿಡಿಸುವುದು ಫೋಟೊದ ಮೇಲೆ ಚೌಕದ ಗೆರೆ ಹಾಕಿ, ಅದನ್ನು ನೋಡಿಕೊಂಡು. ನಾನೂ ಬರಿಗೈ ಅಂತಲೇ ಬರೆದಿದ್ದೆ. ಈಗ ತಿದ್ದುತ್ತೇನೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಂದು ಸಂಜೆಯೊಳಗೆ ಎಷ್ಟೋ ಮಂದಿ ತಮ್ಮ ಬರಹ ತಿದ್ದಿದರು. ಒಬ್ಬರು ಗಾಜಿನ ಕೆಳಗೆ ದೀಪ ಇಟ್ಟು ನಕಲು ತೆಗೆಯುವವರು, ಒಬ್ಬರು ಮೊಬೈಲಿನ ಮೇಲೆ ಕಾಗದ ಇಟ್ಟು ಗೀಚುವವರು. ಕೊನೆಗೆ ಟೀಚರೂ ಬರೆದರು, “ನನ್ನ ವೃತ್ತಗಳೆಲ್ಲ ಬಳೆ ಇಟ್ಟು ಎಳೆದದ್ದು.”

ಮೂಡುಬಿದಿರೆಯಲ್ಲಿ ಫಾಯಿಝಾಳ ನವಿಲಿನ ಪಕ್ಕದಲ್ಲೇ ತೂತಿನ ಕಾಗದವನ್ನೂ ಕಿಟಕಿಯ ಬೆಳಕಿಗೆ ತೂಗುಹಾಕಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ‘ಕಾಗದ ಮಡಚಿ, ಸೂಜಿ ಚುಚ್ಚಿ, ನೀಲಿ ಉಜ್ಜಿ, ಕೈಯಿಂದ ಬಣ್ಣ ತುಂಬಿದ್ದು’ ಎಂಬ ಸಾಲು. ಜನ ಮುತ್ತಿಕೊಂಡದ್ದು ಅಲ್ಲಿಗೇ. ಮಾಡಿ ತೋರಿಸಲೇಬೇಕೆಂದು ಹೆಂಗಸರು ಹಟ ಹಿಡಿದರು. ಅವಳು ಉಜ್ಜಿ ಕಾಗದ ಎತ್ತಿದಾಗ ಬಟ್ಟೆಯ ಮೇಲೆ ಎರಡು ನವಿಲು ಎದ್ದು ನಿಂತವು. ಚಪ್ಪಾಳೆ ಬಿದ್ದಾಗ ಒಲೆಯ ಮೇಲಿನ ಹಾಲಿನಂತೆ ಅವಳ ಮುಖದಲ್ಲಿ ಸಂತೋಷ ಉಕ್ಕಿತು.

ಭವಿತ್ ನುಗ್ಗಿ ಬಂದ. “ಅಕ್ಕ, ಒಮ್ಮೆ ನಾನು ಉಜ್ಜುವುದಾ?”

“ಉಜ್ಜು ಮಾರಾಯ” ಎಂದು ನೀಲಿಯ ಬಟ್ಟೆಚೂರನ್ನು ಅವನ ಕೈಗೆ ಕೊಟ್ಟಳು ಫಾಯಿಝಾ. “ಕೆಳಗೆ ಸರಿಯಾಗಿ ಬರೆದು ಹೋಗು, ಉಜ್ಜಿದ್ದು ಭವಿತ್ ಅಂತ.”