ಬಾಳೆನಾರು ಕಟ್ಟಿದ ಕೈ

ಬೆಳಗಿನ ಐದೂವರೆ. ದಿಂಡಿಗಲ್ ಸೀಮೆಯ ಈ ಹೂವಿನ ಊರಿನಲ್ಲಿ ಮಲ್ಲಿಗೆ ಹರಾಜು ಆಗಲೇ ರಂಗೇರಿದೆ. ಆ ಕೂಗು ಕೇಳುವಷ್ಟು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬಿನ ಅಮುದವಲ್ಲಿ ರೋಗಿಗಳನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಿದ್ದಾರೆ.

"ಕೈ ಚಾಚಪ್ಪಾ. ಇರುವೆ ಕಚ್ಚಿದಷ್ಟೇ."

"ನಿಮ್ಮ ಮನೆ ಇರುವೆ ಇಷ್ಟು ದಪ್ಪ ಇರುತ್ತಾ ಅಕ್ಕಾ?"

ರಕ್ತ ತೆಗೆದಾದ ಮೇಲೆ ಅವರು ಡ್ರಿಪ್ ಏರಿಸಿದ ಕೈಗೆ ಒಂದೆಳೆ ಬಾಳೆನಾರು ಕಟ್ಟುತ್ತಾರೆ. ಅವರಮ್ಮ ಹೂ ಕಟ್ಟಿ ಉಳಿಸಿದ ನಾರು ಅದು. ಈ ಕೈಯಿಂದ ರಕ್ತ ತೆಗೆಯಬೇಡಿ ಎಂದು ಅರ್ಥ. ಹೊಸ ರೋಗಿಗಳು ದೇವರ ದಾರವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಇವರೂ ಬೇಡ ಎನ್ನುವುದಿಲ್ಲ.

ಅಮುದವಲ್ಲಿಗೆ ನಲವತ್ತೇಳು. ಲ್ಯಾಬಿನಲ್ಲಿ ಇಬ್ಬರೇ, ದಿನಕ್ಕೆ ನೂರೈವತ್ತು ಟ್ಯೂಬು. ಲ್ಯಾಬು ನೆಲಮಹಡಿಯಲ್ಲಿ, ಶಸ್ತ್ರಚಿಕಿತ್ಸೆಯ ವಾರ್ಡು ಎರಡನೇ ಮಹಡಿಯಲ್ಲಿ. ನಡುವೆ ನಲವತ್ತನಾಲ್ಕು ಮೆಟ್ಟಿಲು. ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ! ಅವರ ಎಡಮಂಡಿ ಪ್ರತಿ ಮೆಟ್ಟಿಲಿಗೂ ಲೆಕ್ಕ ಒಪ್ಪಿಸುತ್ತದೆ.

ಕಳೆದ ತಿಂಗಳು ಹೂವಿನ ಮಂಡಿಯ ಹಮಾಲಿ ಸೇವುಗನ್ ಹೊಟ್ಟೆನೋವೆಂದು ಬಂದ. ಓಮದ ಕಷಾಯ ಕುಡಿದು ಎರಡು ದಿನ ಕಳೆದಿದ್ದ. ಮೊದಲ ಪರೀಕ್ಷೆಯಲ್ಲಿ ಬಿಳಿರಕ್ತಕಣ ಹದಿನೆಂಟು ಸಾವಿರ. ಸೋಂಕು ಹೆಚ್ಚಿದಂತೆ ಏರುವ ಸಿಆರ್‌ಪಿ ನೂರ ಅರವತ್ತು. ಮರುದಿನ ನಸುಕಿನಲ್ಲೇ ವಾರ್ಡಿನ ನರ್ಸ್ ತೆಗೆದು ಕಳಿಸಿದ ರಕ್ತದಲ್ಲಿ ಎರಡೂ ಇಳಿದಿದ್ದವು: ಹದಿಮೂರು ಸಾವಿರ, ನೂರ ನಲವತ್ತಾರು. ವಾರ್ಡಿಗೆ ಹೋಗಬೇಕಾದ ಸಿಹಿ ಸುದ್ದಿ.

ಆದರೆ ಅಮುದವಲ್ಲಿಯ ಕಣ್ಣು ಹಿಮೋಗ್ಲೋಬಿನ್ ಮೇಲೆ ನಿಂತಿತು. ಹದಿನಾಲ್ಕಿದ್ದದ್ದು ಎಂಟೂವರೆ. ಚೀಟಿ ಹಿಡಿದು ಮೆಟ್ಟಿಲು ಹತ್ತಿದರು.

"ಇವನ ರಕ್ತ ಎಲ್ಲಿಗೆ ಹೋಯ್ತಮ್ಮಾ? ವಾಂತೀಲಿ ಹೋಗಿಲ್ಲ, ನೆಲದ ಮೇಲೂ ಇಲ್ಲ. ಯಾವ ಕೈಯಿಂದ ತೆಗೆದೆ?"

ಹೊಸ ನರ್ಸ್ ತಡವರಿಸಿದಳು. "ನೋವಿಗೆ ಮುದುಡಿ ಮಲಗಿದ್ರು ಅಕ್ಕಾ. ಸಿಕ್ಕಿದ್ದು ಡ್ರಿಪ್ ಕೈ ಒಂದೇ."

ಹಿಂದಿನ ದಿನ ಅಮುದವಲ್ಲಿಗೆ ವಾರದ ರಜೆ. ಯಾರೂ ನಾರು ಕಟ್ಟಿರಲಿಲ್ಲ. ರಕ್ತಕ್ಕೆ ಡ್ರಿಪ್ಪಿನ ನೀರು ಬೆರೆತು ಎಲ್ಲ ಅಂಕಿಯೂ ಇಳಿದಿತ್ತು. ಅವರೇ ಇನ್ನೊಂದು ಕೈ ಹಿಡಿದರು. "ಒಂದು ಗುಟುಕು ನೀರು ಕೊಡಲ್ಲ, ರಕ್ತ ಮಾತ್ರ ಗಳಿಗೆಗೊಮ್ಮೆ ಕೇಳ್ತೀರಿ," ಎಂದು ಸೇವುಗನ್ ಬೈದ.

ಈ ಸಲ ಬಿಳಿರಕ್ತಕಣ ಇಪ್ಪತ್ತೆರಡು ಸಾವಿರ, ಸಿಆರ್‌ಪಿ ಇನ್ನೂರ ನಲವತ್ತು. ಶಸ್ತ್ರವೈದ್ಯೆ ಎಳಿಲರಸಿ ಒಂಬತ್ತಕ್ಕೆಲ್ಲ ಹೊಟ್ಟೆ ತೆರೆದರು. ಅಪೆಂಡಿಕ್ಸ್ ಒಡೆದು ಕೀವು ಹರಡಿತ್ತು. "ಹಳೇ ಚೀಟಿ ನಂಬಿದ್ದಿದ್ರೆ ಇನ್ನೊಂದು ದಿನ ಕಾಯ್ತಿದ್ದೆ. ಅವನಿಗೆ ಆ ದಿನ ಇರಲಿಲ್ಲ," ಎನ್ನುತ್ತಾರೆ ಅವರು.

ಇಷ್ಟು ಎಚ್ಚರ ಹೇಗೆ ಬಂತು ಎಂದು, ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಕೇಳಿದೆ. ಅಮುದವಲ್ಲಿ ಟ್ಯೂಬುಗಳನ್ನು ಜೋಡಿಸುತ್ತಲೇ ಹೇಳಿದರು.

"ಹತ್ತೊಂಬತ್ತು ವರ್ಷದ ಹಿಂದೆ, ಬೇರೆ ಊರಿನ ಆಸ್ಪತ್ರೇಲಿ, ಇಂಥದೇ ಚೀಟಿ ನನ್ನ ಕೈಗೆ ಬಂದಿತ್ತು. ನೋಡಿದೆ, ಕಳಿಸಿದೆ. ಆಕೆ ಮಗ್ಗದವರ ಮನೆ ಹೆಂಗಸು. ಮೂರನೇ ದಿನ ಹೋಗಿಬಿಟ್ಟಳು. ಯಾರೂ ನನ್ನ ಬೈಯಲಿಲ್ಲ. ಚೀಟಿ ಮೇಲೆ ನನ್ನ ಹೆಸರೇ ಇರಲಿಲ್ಲವಲ್ಲ."

ಆಮೇಲೆ ಶುರುವಾದದ್ದು ಈ ನಾರು. ಅವರು ಮುಂದಿನ ಟ್ಯೂಬಿಗೆ ಹೆಸರು ಬರೆಯತೊಡಗಿದರು.

ಸೇವುಗನ್ ಮನೆಗೆ ಹೊರಟ ದಿನ ಮಂಡಿಯ ಗೆಳೆಯರು ಡಾಕ್ಟರಿಗೆ ಮೊಳಗಟ್ಟಲೆ ಮಲ್ಲಿಗೆ ತಂದಿದ್ದಾರೆ. ಬಾಗಿಲಲ್ಲಿ ಅಮುದವಲ್ಲಿ ಎದುರಾಗುತ್ತಾರೆ. ಅವನಿಗೆ ಇವರು ಯಾರೆಂದೇ ಗೊತ್ತಿಲ್ಲ, ಚುಚ್ಚಿದ್ದು ಮಾತ್ರ ನೆನಪಿದೆ.

"ಇದೇ ಯಮ್ಮ ನೋಡ್ರೋ! ಒಂದೇ ಬೆಳಗ್ಗೆ ಎರಡನೇ ಸಲ ಚುಚ್ಚಿಸಿಕೊಂಡೆ! ಸೊಳ್ಳೆನಾದ್ರೂ ವಾಸಿ!" ಎಂದು ವಾರ್ಡೆಲ್ಲ ಕೇಳುವಂತೆ ಕೂಗುತ್ತಾನೆ.

ನಿಜ ಹೇಳಲು ನಾನು ಬಾಯಿ ತೆರೆಯುತ್ತೇನೆ. ಅಮುದವಲ್ಲಿ ನನ್ನ ತೋಳು ಹಿಡಿದು ತಡೆಯುತ್ತಾರೆ.

"ಬೈಯಲಿ ಬಿಡಿ. ಗಂಟಲು ಎಷ್ಟು ಗಟ್ಟಿಯಾಗಿದೆ ನೋಡಿ. ಇದಕ್ಕೆ ಇನ್ನು ಯಾವ ಪರೀಕ್ಷೆನೂ ಬೇಡ."